ನವೆಂಬರ್ ಪುಟದ ಗೂಡು

ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳು ನನ್ನದು. ಹಾಗೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಳೆಯ ಕಟ್ಟಡಗಳ ಮೇಲೆ ಪ್ರೀತಿ ಇಟ್ಟುಕೊಂಡಿರುವ ಬೆಳಗಾವಿಯ ಕೆಲವರು ಕೂಡಿ ಅಚ್ಚು ಹಾಕಿಸಿದ ಕ್ಯಾಲೆಂಡರ್ ಅದು. ತಿಂಗಳಿಗೊಂದರಂತೆ ಪಾಳುಬಿದ್ದ ಕಟ್ಟಡಗಳ ಫೋಟೋ. ನವೆಂಬರಿನಲ್ಲಿ ಧಣಿಗಳ ಹಳೆಯ ವಾಡೆಯೊಂದರ ಗೋಡೆ, ಗೋಡೆಯಲ್ಲೊಂದು ಕಲ್ಲಿನ ಗೂಡು, ಗೂಡಿನಲ್ಲಿ ಉರಿಯುವ ಪಣತಿ. ಕೆಳಗೆ ಓರೆ ಅಕ್ಷರಗಳಲ್ಲಿ 'ದೀಪದ ಗೂಡು'. ಫೋಟೋ ನನ್ನದು, ಆ ಎರಡು ಶಬ್ದಗಳೂ ನನ್ನವೇ. ಪಣತಿಯೂ ನನ್ನದೇ, ಗೋಕಾಕದ ಸಂತೆಯಲ್ಲಿ ಕೊಂಡು ಕ್ಯಾಮೆರಾ ಚೀಲದಲ್ಲಿಟ್ಟುಕೊಂಡು ಹೋಗಿದ್ದು. ಆ ಗೂಡಿನಲ್ಲಿ ನನ್ನದಲ್ಲದ ಒಂದೇ ಒಂದು ವಸ್ತು ಇತ್ತು. ಅದನ್ನು ನಾನು ತೆಗೆದು ಎಸೆದಿದ್ದೆ.

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಮನೆ ಗೋಕಾಕದಲ್ಲಿ, ದಿನಾ ಬಸ್ಸಿನ ಓಡಾಟ. ಚಿತ್ರಕಲೆಯ ಮಾಸ್ತರನಿಗೆ ಸಾಲೆಯಲ್ಲಿ ಎಷ್ಟು ಬೆಲೆ ಎಂಬುದು ಗೊತ್ತಿರುವವರಿಗೆ ಗೊತ್ತು. ಗಣಿತದವರು ರಜೆ ಹಾಕಿದ ದಿನ ಅವರ ಕ್ಲಾಸು ಕಾಯುವವನು, ಆಗಸ್ಟ್ ಹದಿನೈದು ಬಂದಾಗ ಬಣ್ಣದ ಡಬ್ಬಿ ಹಿಡಿಯುವವನು. ಆ ಉರಿಯನ್ನು ಎಲ್ಲಿ ತೀರಿಸಿಕೊಳ್ಳಬೇಕೋ ತಿಳಿಯದೆ ಕ್ಯಾಮೆರಾ ಕೊಂಡೆ. ಭಾನುವಾರ ಬಂತೆಂದರೆ ಮೋಟರ್‌ಸೈಕಲ್ ಹತ್ತುತ್ತಿದ್ದೆ. ಕುಸಿದ ಅಗಸಿಬಾಗಿಲು, ನೀರಾವರಿಯವರು ಬಿಟ್ಟುಹೋದ ಬಂಗಲೆ, ಮಾಳಿಗೆ ಬಿದ್ದ ವಾಡೆ, ಇವೇ ನನ್ನ ಬೀಗರ ಮನೆಗಳಾದವು. ಮನುಷ್ಯರು ಖಾಲಿ ಮಾಡಿಹೋದ ಜಾಗದಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂಬುದು ನನಗೆ ಹಿಡಿಸಿತ್ತು.

ಆ ವಾಡೆಯ ಕಥೆ ಮಾತ್ರ ಬೇರೆ. ಅದನ್ನು ನೋಡುವ ಮೊದಲೇ ನಾನು ಬಾಯಿಪಾಠ ಮಾಡಿದ್ದೆ. ನಮ್ಮದು ಕೇರಿಯ ಮನೆತನ, ಅಪ್ಪನ ಕಾಲದಲ್ಲಿ ಬೌದ್ಧರಾದವರು. ಅಪ್ಪ ಘಟಪ್ರಭಾದಲ್ಲಿ ರೇಲ್ವೆ ಗ್ಯಾಂಗ್‌ಮನ್ ಆಗಿದ್ದ. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಅವ್ವನ ತವರು ಹುಕ್ಕೇರಿಯಿಂದ ಸಂಕೇಶ್ವರದ ಕಡೆ ಹೋಗುವಾಗ ಕಬ್ಬಿನ ಹೊಲಗಳ ನಡುವೆ ಒಳಗೆ ಸರಿಯುವ ಒಂದು ಹಳ್ಳಿ. ಅಜ್ಜ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು, ಸೋದರಮಾವ ಮಗ್ಗದ ಕೆಲಸ ಹಿಡಿದು ಇಚಲಕರಂಜಿ ಸೇರಿದ್ದ. ಹಾಗಾಗಿ ಆ ಊರಿಗೆ ನಾವು ಹೋದವರೇ ಅಲ್ಲ. ಊರಿಗೆ ಬದಲಾಗಿ ನನಗೆ ಸಿಕ್ಕಿದ್ದು ಅವ್ವನ ಮಾತು.

"ನಾ ವಾಡೇದಾಗ ಬೆಳದಾಕಿಪಾ," ಎಂದು ಅವ್ವ ರೊಟ್ಟಿ ಬಡಿಯುತ್ತ ಶುರು ಮಾಡುತ್ತಿದ್ದಳು. ಗಿಳಿ ಕೆತ್ತಿದ ನಾಲ್ಕು ಕಂಬ. ಹಿತ್ತಾಳೆ ಸರಪಳಿಯ ತೂಗುಮಣೆ. ಎದುರು ಗೋಡೆಗೆ ಅರ್ಧ ಕಾಣುವ ದೊಡ್ಡ ಕನ್ನಡಿ. ಕೆಂಪು ಕಲ್ಲಿನ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲು ನನ್ನನ್ನು ಬಹಳ ಕಾಡಿದ್ದವು. ಮೂರೇ ಮೆಟ್ಟಿಲು ಹತ್ತಿ ಎಲ್ಲಿಗೆ ಹೋಗುತ್ತಿದ್ದರವ್ವಾ ಎಂದು ಕೇಳಿದರೆ, "ಮ್ಯಾಲ ಹೋಗತಿದ್ರು," ಎಂದು ಹಿಟ್ಟಿನ ಕೈಯನ್ನು ಮೇಲಕ್ಕೆ ಮಾಡುತ್ತಿದ್ದಳು. ಸಾಲೆಯಲ್ಲಿ ನಾನು ಬಿಡಿಸಿದ ಮೊದಲ ಚಿತ್ರವೇ ಆ ವಾಡೆ. ನಾಲ್ಕು ಕಂಬ, ಮೂರು ಮೆಟ್ಟಿಲು, ನಡುವೆ ತೂಗುಮಣೆಯ ಮೇಲೆ ಅವ್ವ.

ಹಿಂದಿನ ವರ್ಷದ ಚಳಿಗಾಲದ ಒಂದು ಭಾನುವಾರ ಅಲ್ಲಿಗೆ ಹೋದೆ. ಹಿಡಕಲ್ ದಾಟಿ, ಹುಕ್ಕೇರಿ ದಾಟಿ, ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಊರು ಮುಟ್ಟಿದಾಗ ಹೊತ್ತು ಏರಿತ್ತು. ಧಣಿಗಳ ಮನೆಯವರೆಲ್ಲ ಕೊಲ್ಲಾಪುರ ಸೇರಿ ಬಹಳ ವರ್ಷಗಳಾಗಿದ್ದವು. ಕೀಲಿ ಇಟ್ಟುಕೊಂಡಿದ್ದ ಮುದುಕರೊಬ್ಬರು ವಾಡೆಯ ಎದುರಿನ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಟೋಪಿ, ಕೈಯಲ್ಲಿ ಕೋಲು.

"ಯಾವೂರಾತ್ರಿ ನಿಮ್ಮದು? ಯಾ ಪೈಕಿ ಅಂದಂಗಾತು?"

"ಗೋಕಾಕರೀ. ಸಾಲಿ ಮಾಸ್ತರ ಅದೀನ್ರಿ."

ಅವರ ಕಣ್ಣು ನನ್ನ ಕೊರಳಿಗೆ ತೂಗುತ್ತಿದ್ದ ಕ್ಯಾಮೆರಾದ ಮೇಲೆ ಹೋಯಿತು. "ಬರ್ರಿ ಸರ, ಬರ್ರಿ," ಎಂದು ಎದ್ದರು. ಜಾತಿ ಕೇಳಿದ ಎರಡನೆಯ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಕ್ಯಾಮೆರಾ ಕೊರಳಲ್ಲಿದ್ದರೆ ಆ ಪ್ರಶ್ನೆ ತಾನಾಗಿಯೇ ಬಿದ್ದುಹೋಗುತ್ತದೆ ಎಂಬುದನ್ನು ನಾನು ಬಹಳ ಹಿಂದೆಯೇ ಕಂಡುಕೊಂಡಿದ್ದೆ, ಮತ್ತು ಅದನ್ನು ಬೇಕಾದಷ್ಟು ಬಳಸಿಕೊಂಡಿದ್ದೆ. ಅವರ ಮನೆಯಿಂದ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಕುಡಿದು ಒಳಗೆ ಹೋದೆ.

ಒಳಗೆ ಹೊಕ್ಕವನು ಮಧ್ಯಾಹ್ನ ಇಳಿಯುವವರೆಗೆ ಹೊರಗೆ ಬರಲಿಲ್ಲ. ಕಂಬಗಳು ನಾಲ್ಕಲ್ಲ, ಹನ್ನೆರಡಿದ್ದವು. ಮೆಟ್ಟಿಲುಗಳು ಗೋಡೆಯ ಮೈಗೆ ತಿರುಗಿ ಅಟ್ಟದವರೆಗೆ ಹೋಗಿದ್ದವು. ಅಟ್ಟದ ಕಿಟಕಿಗೆ ಬಣ್ಣದ ಗಾಜಿನ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಒಂದು ಮಗ್ಗುಲಿನ ಮಾಳಿಗೆ ಪೂರ್ತಿ ಕುಸಿದು, ಮಣ್ಣಿನ ಗುಪ್ಪೆಯ ಮೇಲೆ ಅರಳಿ ಸಸಿ ಎದ್ದಿತ್ತು. ತೂಗುಮಣೆ ಇರಲಿಲ್ಲ, ಅದರ ಕೊಂಡಿಗಳಿದ್ದವು. ಪಾರಿವಾಳದ ಹಿಕ್ಕೆ ತುಳಿಯುತ್ತ, ಬಾವಲಿಯ ನಾತಕ್ಕೆ ಮೂಗು ಮುಚ್ಚಿಕೊಂಡು, ಧಣಿಗಳ ಮಲಗುವ ಕೋಣೆ, ದೇವರ ಕೋಣೆ, ಅಡುಗೆಮನೆ ಎಲ್ಲದರ ಫೋಟೋ ತೆಗೆದೆ. ಅವ್ವ ಹೇಳಿದ್ದಕ್ಕಿಂತ ವಾಡೆ ಎಷ್ಟೋ ದೊಡ್ಡದಿತ್ತು. ಪಾಪ, ಮುದುಕಿಗೆ ಮರೆತಿರಬೇಕು ಅಂದುಕೊಂಡೆ. ನನಗೆ ಅವಳ ಮೇಲೆ ಒಂಥರಾ ಕನಿಕರ ಕೂಡ ಬಂತು.

ಹೊರಗೆ ಬರುವಾಗ ಬಿಸಿಲು ಇಳಿದು ಮುಂಭಾಗದ ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ದೊಡ್ಡ ಬಾಗಿಲಿನ ಎಡಕ್ಕೆ, ಹೊರಗಿನ ಗೋಡೆಯಲ್ಲಿ, ಎದೆಯ ಮಟ್ಟಕ್ಕೆ ಒಂದು ಗೂಡು. ಮೇಲೆ ಅರ್ಧ ಮುಕ್ಕಾದ ಕಮಲ, ಪಕ್ಕದಲ್ಲಿ ಎತ್ತು ಕಟ್ಟುವ ಕಬ್ಬಿಣದ ಬಳೆ. ಅಂಥ ಬೆಳಕಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಆದರೆ ಗೂಡಿನ ಒಳಗೆ ಒಂದು ಜರ್ಮನ್ ಬಟ್ಟಲು ಬೋರಲು ಬಿದ್ದಿತ್ತು. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಎನ್ನುತ್ತಾರೆ. ನೆಗ್ಗಿ, ಕಪ್ಪಿಟ್ಟು, ಜೇಡರ ಬಲೆ ಕಟ್ಟಿ, ಕಣ್ಣಿಗೆ ಅಸಹ್ಯವಾಗಿತ್ತು. ಚೇಳಿದ್ದೀತು ಎಂದು ಕೈ ಹಾಕಲಿಲ್ಲ. ಟ್ರೈಪಾಡಿನ ಕಾಲಿನಿಂದ ಎಳೆದು ಕೆಳಗೆ ಬೀಳಿಸಿದೆ. ಠಣ್ ಎಂದು ಬಿತ್ತು. ಕಾಲಿನಿಂದಲೇ ಗೋಡೆಯ ಬುಡದ ಕಲ್ಲು ಮಣ್ಣಿನ ಕಡೆ ತಳ್ಳಿದೆ. ಪಣತಿ ಇಟ್ಟು ಎಣ್ಣೆ ಹಾಕಿ ಹಚ್ಚಿದೆ. ಒಂದೇ ಸಲಕ್ಕೆ ಫೋಟೋ ಬಂತು.

ಮನೆಗೆ ಬಂದು ಅವ್ವನ ಮುಂದೆ ಕೂತು, "ಅವ್ವಾ, ನಿನ್ನ ವಾಡೇ ನೋಡಿ ಬಂದೆ," ಎಂದೆ. ಆಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖವನ್ನು ನನ್ನ ದನಿಯ ಕಡೆ ತಿರುಗಿಸಿ ಕೇಳಿದ್ದು ಒಂದೇ ಮಾತು.

"ಒಳಗ ಬಿಟ್ರ?"

"ಬ್ಯಾಡ ಅನ್ನಾಕ ಯಾರದಾರವ್ವಾ ಅಲ್ಲಿ? ಬರೇ ಪಾರಿವಾಳ," ಎಂದು ನಕ್ಕೆ. ಅವಳು ನಗಲಿಲ್ಲ. ಅದನ್ನೂ ನಾನು ಗಮನಿಸಲಿಲ್ಲ.

ಫೋಟೋ ಬೆಳಗಾವಿಯವರಿಗೆ ಹುಚ್ಚು ಹಿಡಿಸಿತು. ಅವರು ಒಳ್ಳೆಯ ಮಂದಿ, ಆ ಬಗ್ಗೆ ನನ್ನ ತಕರಾರಿಲ್ಲ. ಭಾನುವಾರ ಕಾರಿನಲ್ಲಿ ಬಂದು, ಪಾಳು ಗೋಡೆಗಳನ್ನು ಸವರಿ ನಿಟ್ಟುಸಿರು ಬಿಟ್ಟು, ಹೋಗುವಾಗ ಗೋಕಾಕದ ಕರದಂಟು ಕಟ್ಟಿಸಿಕೊಂಡು ಹೋಗುವವರು. ಕ್ಯಾಲೆಂಡರ್ ಬಿಡುಗಡೆಯ ದಿನ ನನಗೆ ಶಾಲು ಹೊದಿಸಿದರು. ಅವರ ಮುಖಂಡರು ಮೈಕಿನ ಮುಂದೆ ನಿಂತು, ನಮ್ಮ ಹಿರಿಯರ ಔದಾರ್ಯ ನೋಡಿ, ಬಾಗಿಲ ಹೊರಗೂ ದೀಪ ಇಟ್ಟು ಹೋಗಿಬರುವವರಿಗೆ ದಾರಿ ತೋರಿಸುತ್ತಿದ್ದರು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ದೀಪ ಒಂದು ಭಾನುವಾರ ಹತ್ತು ನಿಮಿಷ ಮಾತ್ರ ಉರಿದದ್ದು ಎಂದು ಗೊತ್ತಿದ್ದ ಒಬ್ಬನೇ ಮನುಷ್ಯ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ದೀಪಾವಳಿಗೆ ಮುಂಚೆ ಅವ್ವನ ಕಣ್ಣಿನ ಆಪರೇಷನ್ ಆಯಿತು. ಹೊಸ ಕಣ್ಣು ಬಂದ ಮೇಲೆ ಅವಳಿಗೆ ಎಲ್ಲವನ್ನೂ ನೋಡುವ ಹುಚ್ಚು. ಪಾತ್ರೆಯ ತಳದ ಮಸಿ ನೋಡಿ ಸೊಸೆಯನ್ನು ಬೈದಳು, ನನ್ನ ತಲೆಯ ಬಿಳಿ ಕೂದಲು ನೋಡಿ ನಕ್ಕಳು. ನವೆಂಬರ್ ಒಂದನೇ ತಾರೀಖು ಬೆಳಿಗ್ಗೆ ಕ್ಯಾಲೆಂಡರಿನ ಪುಟ ಅವಳೇ ತಿರುವಿದಳು. ನಾನು ಚಹಾ ಕುಡಿಯುತ್ತ ಅಲ್ಲೇ ಕೂತಿದ್ದೆ. ಎಷ್ಟು ಹೊತ್ತಾದರೂ ಅವಳು ಗೋಡೆಯ ಮುಂದಿನಿಂದ ಸರಿಯಲಿಲ್ಲ.

"ಇದು ದೊಡ್ಡ ಬಾಕಲದ ಬಾಜೂ ಗೂಡು," ಎಂದಳು.

"ಹೌದವ್ವಾ. ಗುರ್ತು ಹಿಡದಿ ನೋಡು! ದೀಪದ ಗೂಡು."

"ದೀಪ ಯಾರ ಹಚ್ಚಿದ್ರು?"

"ನಾನ ಹಚ್ಚಿದ್ನಿ. ಫೋಟೋ ಚಂದ ಬರಲಿ ಅಂತ."

ಅವಳು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದಳು. "ಹಂಗಾರ ಬಟ್ಟಲ ಎಲ್ಲಿಟ್ಟಿ?"

ಬಟ್ಟಲಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನಿಸಿಯೇ ಇರಲಿಲ್ಲ. ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

"ಯಾ ಬಟ್ಟಲ?"

"ನಮ್ಮ ಬಟ್ಟಲ ಇಡೂ ಗೂಡದು. ಮನಿಯಿಂದ ನಾವ ಬಟ್ಟಲ ಒಯ್ಯಬೇಕಿತ್ತು. ಹಕ್ಕಿ ಬಳದು, ಅಂಗಳ ಕಸಾ ಹೊಡದ ಮ್ಯಾಲ ಅದನ್ನ ತಗೊಂಡ ಇಲ್ಲೇ ನಿಲ್ಲೂದು. ಧಣ್ಯಾರ ಸೊಸಿ ಹೊಸ್ತಿಲಾಚೆ ನಿಂತ ಮ್ಯಾಲಿಂದ ಚಹಾ ಹಾಕಾಕಿ. ಜರ್ಮನ್ ಬಾಳ ಸುಡತೈತಿ, ಸೆರಗಲೆ ಹಿಡದ ಕುಡೀಬೇಕು. ತೊಳದ ಬೋರಲ ಹಾಕಿ ಮತ್ತ ಗೂಡನ್ಯಾಗ ಇಡೂದು." ಹಕ್ಕಿ ಎಂದರೆ ದನದ ಕೊಟ್ಟಿಗೆ. ಇದನ್ನೆಲ್ಲ ಅವಳು ರೊಟ್ಟಿ ಬಡಿಯುವಾಗಿನ ದನಿಯಲ್ಲೇ ಹೇಳಿದಳು, ಸಿಟ್ಟಿಲ್ಲ, ಕಣ್ಣೀರಿಲ್ಲ. "ಬೀಗರು ಬರೂ ದಿನ ಬಟ್ಟಲ ಕಾಣಬಾರದು ಅಂತ ಬಾಜೂಕ ಸರಸತಿದ್ರು. ಕೈಲೆ ಮುಟ್ಟತಿದ್ದಿಲ್ಲ, ಕಟಿಗಿಲೆ ಸರಸತಿದ್ರು."

ಆಮೇಲೆ ನನ್ನ ಕಡೆ ತಿರುಗಿದಳು. "ನೀ ಕೈಲೆ ತಗದಿ ಹೌದಿಲ್ಲೊ?"

"ಹೂಂ, ಕೈಲೆ," ಎಂದೆ.

ಪ್ರತಿ ಏಪ್ರಿಲಿನಲ್ಲಿ ಜಯಂತಿಯ ದಿನ ಕೇರಿಯ ಸಭಾಭವನದಲ್ಲಿ ಮೈಕು ಹಿಡಿಯುವವನು ನಾನು. ಹೋಟೆಲುಗಳಲ್ಲಿ ನಮ್ಮವರಿಗೆ ಬೇರೆ ಕಪ್ಪು ಇಡುತ್ತಿದ್ದುದನ್ನು ಹೇಳುತ್ತ ದನಿ ನಡುಗಿಸುತ್ತೇನೆ. ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅದೇ ಬಟ್ಟಲು ನನ್ನ ಮೂಗಿನ ಮುಂದೆ ಬಂದು ಕೂತಾಗ ಫೋಟೋ ಕೆಡಿಸುವ ಕಸ ಎಂದು ತಳ್ಳಿದೆ. ನನಗೆ ನನ್ನ ಮೇಲೆ ಹೇಸಿಗೆ ಬಂತು. ಅವ್ವನ ಮೇಲೂ ಸಿಟ್ಟು ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಇಷ್ಟು ವರ್ಷ ತೂಗುಮಣೆ, ಕನ್ನಡಿ ಎಂದು ಕಥೆ ಕಟ್ಟಿದವಳು ಇದೊಂದನ್ನು ಯಾಕೆ ನುಂಗಿದಳು?

ಆ ದಿನವೇ ವಾಡೆಯ ಫೋಟೋಗಳನ್ನೆಲ್ಲ ತೆರೆದು ಕೂತೆ. ದೊಡ್ಡ ಬಾಗಿಲಿನ ಹೊರಗೆ, ಗೂಡಿನ ಪಕ್ಕದಿಂದ ಒಳಮುಖವಾಗಿ ತೆಗೆದ ಒಂದು ಫೋಟೋ ಇತ್ತು, ಬೆಳಕು ನೋಡಲು ಸುಮ್ಮನೆ ತೆಗೆದದ್ದು. ಅದರಲ್ಲಿ ಕಂಬಗಳು ನಾಲ್ಕು. ಐದನೆಯದು ಬಾಗಿಲ ಚೌಕಟ್ಟಿನ ಮರೆಗೆ ಹೋಗಿತ್ತು. ತೂಗುಮಣೆಯ ಕೊಂಡಿಗಳು ಕಾಣುತ್ತಿದ್ದವು. ಎದುರು ಗೋಡೆಯಲ್ಲಿ ಕನ್ನಡಿ ಇದ್ದ ಜಾಗದ ಬಿಳಿ ಗುರುತು ಅರ್ಧ ಕಾಣುತ್ತಿತ್ತು. ಮೆಟ್ಟಿಲುಗಳು ಮೂರು, ನಾಲ್ಕನೆಯದರಿಂದ ಗೋಡೆಯ ಹಿಂದೆ ತಿರುಗಿದ್ದವು. ಅವ್ವನಿಗೆ ಏನೂ ಮರೆತಿರಲಿಲ್ಲ. ಬಟ್ಟಲು ಹಿಡಿದು ನಿಂತ ಜಾಗದಿಂದ ಕಂಡಷ್ಟನ್ನು ಅವಳು ಒಂದು ಚೂರೂ ಹೆಚ್ಚು ಕಡಿಮೆ ಮಾಡದೆ ನನಗೆ ಕೊಟ್ಟಿದ್ದಳು. ಆ ತೂಗುಮಣೆಯ ಮೇಲೆ ನಾನು ಅವಳನ್ನು ಕೂರಿಸಿ ಚಿತ್ರ ಬಿಡಿಸಿದಾಗ ಅವಳು ಅದನ್ನು ಗೋಡೆಗೆ ಅಂಟಿಸಿದ್ದಳು. ನಾನು ಸಾಲೆಯ ಹುಡುಗನಂತೆ ಅತ್ತೆ.

ಕ್ಯಾಲೆಂಡರಿನ ಮುಖಂಡರಿಗೆ ಫೋನು ಮಾಡಿದೆ. ಅದು ದೀಪದ ಗೂಡಲ್ಲ, ಸುಳ್ಳು ಬರೆದಿದ್ದೇನೆ, ನಿಮ್ಮ ಬಳಗದವರಿಗೆಲ್ಲ ತಿದ್ದುಪಡಿ ಕಳಿಸಿರಿ ಎಂದೆ. ಕಾರಣವನ್ನೂ ಹೇಳಿದೆ.

"ಸರ, ನಿಮ್ಮ ಭಾವನಾ ನಮಗ ತಿಳೀತೈತ್ರಿ. ಆದ್ರ ಈಗ್ಯಾಕರಿ ಅದೆಲ್ಲಾ? ಹಬ್ಬದ ತಿಂಗಳಾ. ಮಂದಿ ಖುಷೀಲೆ ನೋಡಾಕತ್ತಾರು."

"ಖರೆ ಹೇಳಬಾರದೇನ್ರಿ?"

"ಹೇಳೂಣ್ರಿ, ಹೇಳೂಣು. ಮುಂದ ಯಾವಾಗರ ಒಂದ ಲೇಖನಾ ಬರೀರಿ ನೀವ. ಚಲೋತ್ನ್ಯಾಗಿ ಹಾಕೂಣು."

ಅಲ್ಲಿಗೆ ಅವರ ಕೈ ತೊಳೆದಾಯಿತು. ನನಗೆ ಉಳಿದದ್ದು ಬಟ್ಟಲು. ಅದನ್ನಾದರೂ ತಂದು ಅವ್ವನ ಕೈಯಲ್ಲಿಟ್ಟರೆ ನನ್ನ ತಪ್ಪು ಅಷ್ಟಾದರೂ ಇಳಿದೀತು ಅನಿಸಿತು. ಮುಂದಿನ ಭಾನುವಾರ ಮತ್ತೆ ಆ ದಾರಿ ಹಿಡಿದೆ. ಕ್ಯಾಮೆರಾ ಮನೆಯಲ್ಲೇ ಬಿಟ್ಟೆ.

ವಾಡೆಯ ಮುಂದೆ ಕೆಲಸ ನಡೆದಿತ್ತು. ಬಿದ್ದ ಕಲ್ಲು ಮಣ್ಣು ಹೊತ್ತು ಹಾಕಿ ಅಂಗಳ ಚೊಕ್ಕ ಮಾಡಿದ್ದರು. ಗೂಡಿನಲ್ಲಿ ಪಣತಿಯ ಆಕಾರದ ಒಂದು ಕರೆಂಟಿನ ದೀಪ ಮಿಣಮಿಣ ಎನ್ನುತ್ತಿತ್ತು. ಕೀಲಿಯ ಮುದುಕರು ನನ್ನನ್ನು ನೋಡಿ ಎದ್ದೇ ಬಿಟ್ಟರು.

"ಬರ್ರಿ ಸರ! ನಿಮ್ಮ ಫೋಟೋ ನೋಡೇ ಧಣ್ಯಾರು ದೀಪಾ ಹಾಕ್ಸ್ಯಾರ್ ನೋಡ್ರಿ. ಮದಿವಿ ಮಾಡ್ಕೊಳ್ಳೋ ಹುಡುಗ್ರು ಇನ್ನ ಫೋಟೋ ತಗಸ್ಕೊಳ್ಳಾಕ ಬರ್ತಾರಂತ."

ಚಹಾ ಬಂತು, ಅದೇ ಸ್ಟೀಲಿನ ಲೋಟ. ಅರ್ಧ ಕುಡಿದು ಬಟ್ಟಲಿನ ವಿಷಯ ಕೇಳಿದೆ. ಅವರು ಕೋಲಿನ ತುದಿಯಿಂದ ಗೋಡೆಯ ಬುಡ ತೋರಿಸಿದರು. ಅಷ್ಟು ಚೊಕ್ಕ ಮಾಡಿದ ಅಂಗಳದಲ್ಲಿ ಅದೊಂದು ಮಾತ್ರ ನಾನು ತಳ್ಳಿದ ಜಾಗದಲ್ಲೇ ಬಿದ್ದಿತ್ತು.

"ಎಲ್ಲಾ ಹೊತ್ತ ಒಗದ್ರು. ಅದನ್ನ ಯಾರೂ ಎತ್ತಲಿಲ್ಲರಿ. ಆ ಮಂದೀ ಬಟ್ಟಲರಿ ಅದು. ನಿಮಗ್ಯಾಕ ಬೇಕ್ರಿ?"

"ನಮ್ಮವ್ವಂದರೀ ಅದು," ಎಂದೆ. "ನಮ್ಮವ್ವ ಇದ ಊರಾಕಿ. ಇಲ್ಲೇ ಹಕ್ಕಿ ಬಳೀತಿದ್ಲು."

ಅವರ ಕಣ್ಣು ನನ್ನ ಮುಖದಿಂದ ಕೆಳಗಿಳಿದು ನನ್ನ ಕೈಯಲ್ಲಿದ್ದ ಲೋಟಕ್ಕೆ ಹೋಯಿತು. ಅಲ್ಲೇ ನಿಂತಿತು.

"ಮೊದಲ ಹೇಳಬೇಕಿಲ್ಲೇನ ಮಾಸ್ತರ," ಎಂದರು. 'ಸರ' ಹೋಗಿತ್ತು, 'ರಿ' ಕೂಡ ಹೋಗಿತ್ತು. ನಾನು ಉಳಿದ ಚಹಾವನ್ನು ಬೇಕೆಂದೇ ನಿಧಾನವಾಗಿ ಕುಡಿದು, ಲೋಟವನ್ನು ಅವರ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಇಟ್ಟೆ. ಬಟ್ಟಲನ್ನು ಎರಡೂ ಕೈಯಿಂದ ಎತ್ತಿಕೊಂಡೆ. ಆ ಹೊತ್ತಿನಲ್ಲಿ ನಾನು ಏನೋ ಗೆದ್ದೆ ಅನಿಸಿತ್ತು. ಗೋಕಾಕ ಮುಟ್ಟುವವರೆಗೂ ಹಾಗೇ ಅನಿಸುತ್ತಿತ್ತು.

ಅವ್ವ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬಲೆ ಒರೆಸಿದಳು. ತಳ ನೋಡಿದಳು.

"ಇದು ನಂದಲ್ಲ."

"ಮತ್ತ ನಿಂದೆಲ್ಲೈತಿ?"

"ಹಿಟ್ಟಿನ ಡಬ್ಬ್ಯಾಗ."

ಎದ್ದು ಹೋಗಿ ಡಬ್ಬಿ ತೆಗೆದೆ. ಜೋಳದ ಹಿಟ್ಟಿನಲ್ಲಿ ಅರ್ಧ ಹೂತು ಕೂತಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅವಳು ಹಿಟ್ಟು ಅಳೆಯುವ ಬಟ್ಟಲು. ಸಣ್ಣವನಿದ್ದಾಗ ನಾನು ಅದರಲ್ಲಿ ಬಣ್ಣ ಕಲಸಿ ಬೈಸಿಕೊಂಡದ್ದೂ ಉಂಟು. ನಾನು ತಿಂದ ರೊಟ್ಟಿಯೆಲ್ಲ ಅದರಲ್ಲಿ ಅಳೆದದ್ದು.

"ಮದಿವಿ ಮುಂದ ಗೂಡನ್ಯಾಂದ ತಗೊಂಡ ಬಂದ್ನಿ," ಎಂದಳು ಅವ್ವ. "ನಮ್ಮವ್ವ ಸಂಕೇಶ್ವರದ ಸಂತ್ಯಾಗ ಕೊಡಿಸಿದ್ದು. ಅವರದೇನ ಅದು, ಅಲ್ಲಿ ಬಿಟ್ಟ ಬರಾಕ?"

"ಹಂಗಾರ ಇದ್ಯಾರದು?"

"ನನ್ನ ಹಿಂದ ಕೆಲಸಕ್ಕ ಬಂದಾಕೀದು. ಅಕಿಗಿ ಒಯ್ಯಾಕ ಆಗಲಿಲ್ಲೇನೋ. ಯಾರೋ ಏನೋ, ಪಾಪ."

ಆ ಹೆಂಗಸಿನ ಹೆಸರು ಹೇಳಲು ಈಗ ಯಾರೂ ಇಲ್ಲ. ಅವಳದೆಂದು ಆ ವಾಡೆಯಲ್ಲಿ ಉಳಿದಿದ್ದ ಒಂದೇ ಗುರುತನ್ನು ಕಾಲಿನಿಂದ ತಳ್ಳಿದವನು ನಾನು. ಇದನ್ನು ಅವ್ವ ಹೇಳಲಿಲ್ಲ. ಹುಣಸೆಹಣ್ಣು ಹಚ್ಚಿ ಬಟ್ಟಲನ್ನು ತಿಕ್ಕಿದಳು, ಬಹಳ ಹೊತ್ತು ತಿಕ್ಕಿದಳು. ಒಳಗೂ ಹೊರಗೂ ಬೆಳ್ಳಗಾಯಿತು. ನಂತರ ಒಲೆಯ ಮೇಲಿದ್ದ ಚಹಾವನ್ನು ಅದಕ್ಕೆ ಸೋಸಿ, ತಂದು ನನ್ನ ಮುಂದಿಟ್ಟಳು.

"ಕುಡಿ."

ನಾನು ಕೈ ಚಾಚಿದೆ. ಚಾಚುವ ಮೊದಲು ಒಂದು ಗಳಿಗೆ ತಡೆದೆ. ಬಟ್ಟಲು ಚೊಕ್ಕಟವಿತ್ತು, ತಡೆಯಲು ಯಾವ ಕಾರಣವೂ ಇರಲಿಲ್ಲ. ಸುಡುತ್ತದೆ ಎಂದು ತಡೆದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಅವ್ವನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಅವಳು ಬಟ್ಟಲನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು.

"ಕೈಲೆ ತಗದ್ನಿ ಅಂದಿದ್ದಿ," ಎಂದಳು.